ಉಸಿರು ಕಟ್ಟಿ ತಿಣುಕಿದಾಗ ಬಿಪಿಗೆ ಏನಾಗುತ್ತದೆ? ಮನೆಮಂದಿ ತಿಳಿದಿರಬೇಕಾದ ಕ್ರಮಗಳು

ಕಳೆದ ವರ್ಷ ನಮ್ಮ ದೊಡ್ಡಪ್ಪ ಬೆಳಿಗ್ಗೆ ಟಾಯ್ಲೆಟ್‌ನಲ್ಲಿ ಬಿದ್ದರು. ವಯಸ್ಸು 71. ಹತ್ತು ವರ್ಷದಿಂದ ಬಿಪಿ ಮಾತ್ರೆ ತಗೊಳ್ಳುತ್ತಿದ್ದಾರೆ, ಒಂದು ದಿನವೂ ತಪ್ಪಿಸಿದವರಲ್ಲ. ಮಂಡಿನೋವಿಗೆ ಹೊಸದಾಗಿ ಒಂದು ಮಾತ್ರೆ ಶುರುವಾಗಿತ್ತು. ಆಮೇಲೆ ಮೂರು ದಿನ ಮೋಶನ್ ಆಗಿರಲಿಲ್ಲ. ಇವತ್ತು ಆಗಲೇಬೇಕು ಅಂತ ಉಸಿರು ಬಿಗಿಹಿಡಿದು ತಿಣುಕಿದ್ದಾರೆ. ಎದ್ದು ನಿಂತರೆ ಕಣ್ಣು ಕತ್ತಲೆ. ಬಿದ್ದ ರಭಸಕ್ಕೆ ಹುಬ್ಬು ಸೀಳಿ ನಾಲ್ಕು ಹೊಲಿಗೆ ಬಿತ್ತು.

ಕ್ಲಿನಿಕ್‌ನಲ್ಲಿ ಬಿಪಿ ನೋಡಿದರೆ 130/80. "ಬಿಪಿ ಚೆನ್ನಾಗೇ ಇದೆಯಲ್ಲ, ಮತ್ಯಾಕೆ ಬಿದ್ರು?" ಅಂತ ದೊಡ್ಡಮ್ಮ ನನ್ನನ್ನು ಕೇಳಿದರು. ನಾನು ಫಿಸಿಯೋಥೆರಪಿ ಮಾಡುವವಳು. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮನೆಯವರ ಬಾಯಲ್ಲಿ ಕೇಳುತ್ತಲೇ ಇರುತ್ತೇನೆ. ದೊಡ್ಡಪ್ಪನ ಬಿಪಿ ಏರಿ, ಇಳಿದು, ಮತ್ತೆ ಏರಿ ಸರಿಹೋದದ್ದೆಲ್ಲ ಅರ್ಧ ನಿಮಿಷದೊಳಗೆ. ಕ್ಲಿನಿಕ್‌ಗೆ ಹೋಗುವಷ್ಟರಲ್ಲಿ ಅದರ ಗುರುತೇ ಇರಲಿಲ್ಲ. ಮನೆಯ ಬಿಪಿ ಮಷೀನ್ ಪಟ್ಟಿ ಉಬ್ಬಿಸಿ ಇಳಿಸಿ ಒಂದು ಸಲ ಅಳೆಯುವುದಕ್ಕೇ ಅಷ್ಟು ಹೊತ್ತು ತಗೊಳ್ಳುತ್ತದೆ. ಅದಕ್ಕೂ ಇದು ಸಿಗುವುದಿಲ್ಲ.

ಆ ಅರ್ಧ ನಿಮಿಷದಲ್ಲಿ ನಡೆಯುವುದು

ಉಸಿರು ಎಳೆದುಕೊಂಡು, ಗಂಟಲು ಮುಚ್ಚಿ, ಹೊರಗೆ ಬಿಡದೆ ಜೋರಾಗಿ ಒತ್ತುವುದಕ್ಕೆ ಡಾಕ್ಟರುಗಳು 'ವಾಲ್ಸಾಲ್ವಾ' ಅನ್ನುತ್ತಾರೆ. ಆಂಟೋನಿಯೋ ಮಾರಿಯಾ ವಾಲ್ಸಾಲ್ವಾ (1666–1723) ಇಟಲಿಯ ಬೊಲೋನ್ಯಾದಲ್ಲಿದ್ದ ವೈದ್ಯ. ಬಾಯಿ ಮೂಗು ಮುಚ್ಚಿ ಉಸಿರು ಒತ್ತಿ ಕಿವಿಯೊಳಗಿನ ಕೀವು ಹೊರಹಾಕುವ ಉಪಾಯವನ್ನು 1704ರಲ್ಲಿ ಕಿವಿಯ ಬಗ್ಗೆ ಬರೆದ ಪುಸ್ತಕದಲ್ಲಿ ಹೇಳಿದ್ದ. ವಿಮಾನದಲ್ಲಿ ಕಿವಿ ಕಟ್ಟಿದಾಗ ನಾವು ಮಾಡುವುದೂ ಇದನ್ನೇ.

ಹೃದಯವನ್ನು ಮನೆಯ ಮೋಟಾರು ಅಂದುಕೊಳ್ಳಿ. ಕಾಲು, ಹೊಟ್ಟೆ, ತಲೆಯಿಂದ ವಾಪಸ್ ಬರುವ ರಕ್ತ ಸಂಪ್‌ಗೆ ಬರುವ ನೀರು. ಸಂಪ್‌ಗೆ ನೀರು ಬಂದಷ್ಟೇ ಮೋಟಾರು ಎತ್ತೀತು, ಅಲ್ವಾ?

ತಿಣುಕಲು ಶುರು ಮಾಡಿದ ಕೂಡಲೇ ಎದೆಗೂಡಿನೊಳಗೆ ಒತ್ತಡ ಏರುತ್ತದೆ. ಎದೆಯೊಳಗಿನ ದೊಡ್ಡ ರಕ್ತನಾಳವೂ ಆ ಒತ್ತಡಕ್ಕೆ ಸಿಗುವುದರಿಂದ ಬಿಪಿ ಥಟ್ಟನೆ ಮೇಲೆ ಹೋಗುತ್ತದೆ. ಇದು ಕೆಲವೇ ಸೆಕೆಂಡು. ಇನ್ನೂ ಒತ್ತುತ್ತಲೇ ಇದ್ದರೆ ಎದೆಯೊಳಗೆ ಬರಬೇಕಾದ ರಕ್ತ ಬಾಗಿಲಲ್ಲೇ ನಿಲ್ಲುತ್ತದೆ. ಮುಖ ಕೆಂಪಾಗುವುದು, ಕತ್ತಿನ ರಕ್ತನಾಳ ಉಬ್ಬುವುದು ಇದಕ್ಕೇ. ಸಂಪ್ ಖಾಲಿಯಾಗುತ್ತಾ ಬರುತ್ತದೆ, ಹೃದಯ ಹೊರಗೆ ತಳ್ಳುವ ರಕ್ತ ಕಡಿಮೆಯಾಗುತ್ತದೆ, ಬಿಪಿ ಇಳಿಯುತ್ತದೆ. ಕತ್ತಿನಲ್ಲೂ ಹೃದಯದ ಮೇಲಿನ ದೊಡ್ಡ ನಾಳದಲ್ಲೂ ಬಿಪಿಯನ್ನು ಕಾಯುವ ನರತುದಿಗಳಿವೆ. ಅವು ಇದನ್ನು ಕಂಡ ತಕ್ಷಣ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳು ಹೃದಯವನ್ನು ಜೋರಾಗಿ ಓಡಿಸುತ್ತದೆ, ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬಿದ್ದ ಬಿಪಿ ಅಷ್ಟಿಷ್ಟು ಚೇತರಿಸಿಕೊಳ್ಳುತ್ತದೆ.

ಆಮೇಲೆ ಉಸಿರು ಬಿಡುತ್ತೀರಿ. ಎದೆಯ ಒತ್ತಡ ಒಮ್ಮೆಲೇ ಹೋಗುತ್ತದೆ, ಬಿಪಿ ಒಂದೆರಡು ಸೆಕೆಂಡು ಮತ್ತೆ ಕುಸಿಯುತ್ತದೆ. ಬಾಗಿಲಲ್ಲಿ ಕಾದಿದ್ದ ರಕ್ತವೆಲ್ಲ ಈಗ ಒಟ್ಟಿಗೆ ಹೃದಯಕ್ಕೆ ನುಗ್ಗುತ್ತದೆ. ಆದರೆ ರಕ್ತನಾಳಗಳು ಇನ್ನೂ ಬಿಗಿಯಾಗೇ ಇವೆ! ಮೋಟಾರು ಪೂರ್ತಿ ಎತ್ತುತ್ತಿದೆ, ನಲ್ಲಿಗಳೆಲ್ಲ ಅರ್ಧ ಮುಚ್ಚಿವೆ. ಬಿಪಿ ಮೊದಲಿಗಿಂತಲೂ ಮೇಲೆ ಹಾರುತ್ತದೆ. ಅದನ್ನು ಕಂಡು ಮಿದುಳು ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲ ತಹಬಂದಿಗೆ ಬರುತ್ತದೆ.

ಗಟ್ಟಿಮುಟ್ಟಾದವರ ದೇಹ ಈ ಏರಿಳಿತವನ್ನು ದಿನಕ್ಕೆ ಎಷ್ಟೋ ಸಲ ಸಂಭಾಳಿಸುತ್ತದೆ. ಕೆಮ್ಮಿದಾಗ, ಸೀನಿದಾಗ, ಮಂಚ ಸರಿಸಿದಾಗ ಸಣ್ಣದಾಗಿ ಇದೇ ನಡೆಯುತ್ತದೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯಿಂದ ನರ ಸೊರಗಿದವರಲ್ಲಿ, ಬಿಪಿ ಮಾತ್ರೆ ತಗೊಳ್ಳುವವರಲ್ಲಿ ಸಂಭಾಳಿಸುವ ಆ ವೇಗ ಕಡಿಮೆ. ಇಳಿದಾಗ ತಲೆ ಸುತ್ತಬಹುದು, ಏರಿದಾಗ ಎಲ್ಲೋ ಒಂದು ದುರ್ಬಲ ರಕ್ತನಾಳಕ್ಕೆ ಪೆಟ್ಟಾಗಬಹುದು. ಎರಡು ಕಡೆಯಿಂದಲೂ ಅಪಾಯ. 'ನನಗೆ ಹೈ ಬಿಪಿ ಇರೋದು, ಬೀಳೋದು ಲೋ ಬಿಪಿಯವರು' ಅಂತ ನೆಮ್ಮದಿಯಾಗಿ ಇರುವಂತಿಲ್ಲ.

ನಿಮ್ಮ ಮಣಿಕಟ್ಟಿನಲ್ಲೇ ನೋಡಿ

ಇದು ಪೂರ್ತಿ ಆರೋಗ್ಯವಾಗಿರುವವರಿಗೆ ಮಾತ್ರ. ಬಿಪಿ, ಹೃದಯದ ತೊಂದರೆ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಕಣ್ಣಿನ ತೊಂದರೆ, ಹರ್ನಿಯಾ ಇರುವವರು, ಇತ್ತೀಚೆಗೆ ಆಪರೇಷನ್ ಆದವರು, ಬಸುರಿಯರು ಇದನ್ನು ಮಾಡಬೇಡಿ, ಓದಿಕೊಂಡರೆ ಸಾಕು.

ಒರಗುವ ಕುರ್ಚಿಯಲ್ಲಿ ಕೂತು ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನಲ್ಲಿ, ಮೂರು ಬೆರಳಿಟ್ಟು ನಾಡಿ ಹುಡುಕಿ. ಅರ್ಧ ನಿಮಿಷ ಸುಮ್ನೆ ಆ ಬಡಿತಕ್ಕೆ ಬೆರಳನ್ನು ಹೊಂದಿಸಿಕೊಳ್ಳಿ. ಈಗ ಸಾಧಾರಣವಾಗಿ ಉಸಿರೆಳೆದು, ಬಾಯಿ ಮುಚ್ಚಿ, ಬಿಗಿಯಾದ ಬಲೂನು ಊದುವಷ್ಟು ಒತ್ತಿ. ಹತ್ತು ಸೆಕೆಂಡು ಸಾಕು, ಹಟ ಮಾಡಿ ಜಾಸ್ತಿ ಹೊತ್ತು ಹಿಡಿಯಬೇಡಿ. ನಾಲ್ಕೈದು ಸೆಕೆಂಡಿಗೆ ಬೆರಳ ಕೆಳಗಿನ ಬಡಿತ ತೆಳ್ಳಗಾಗುತ್ತಾ ಬರುವುದು ತಿಳಿಯುತ್ತದೆ, ದಾರದ ಹಾಗೆ. ಜೊತೆಗೆ ಬೇಗ ಬೇಗ. ಉಸಿರು ಬಿಟ್ಟಾಗ ಒಂದು ಕ್ಷಣ ನಾಡಿ ಎಲ್ಲಿ ಹೋಯಿತು ಅನ್ನಿಸುತ್ತದೆ. ಹಿಂದೆಯೇ ದಪ್ ದಪ್ ಅಂತ ತುಂಬು ಬಡಿತ, ನಿಧಾನವಾಗಿ. ನನ್ನ ಬಳಿ ಕಲಿಯಲು ಬರುವ ಮಕ್ಕಳಿಗೆ ಮೊದಲ ದಿನ ಇದನ್ನೇ ಮಾಡಿಸುತ್ತೇನೆ. ಪುಸ್ತಕದ ಗ್ರಾಫು ಮರೆಯಬಹುದು, ಬೆರಳಿಗೆ ಸಿಕ್ಕಿದ್ದು ಮರೆಯುವುದಿಲ್ಲ. ಮಧ್ಯೆ ತಲೆ ಹಗುರಾದರೆ ತಕ್ಷಣ ಉಸಿರು ಬಿಡಿ.

ಟಾಯ್ಲೆಟ್‌ನಲ್ಲಿ

ಮುಜುಗರ ಬಿಟ್ಟು ಮಾತಾಡಬೇಕಾದ ಜಾಗ ಇದು. ಮನೆಯ ಹಿರಿಯರು ಮಲಬದ್ಧತೆ ಬಗ್ಗೆ ಬಾಯಿ ಬಿಡುವುದಿಲ್ಲ. ನಾವಾಗಿಯೇ ಕೇಳಬೇಕು.

ಮೊದಲನೆಯದು, ಹೊತ್ತು. ತಿಂಡಿ ಹೊಟ್ಟೆಗೆ ಬಿದ್ದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಆ ಅರ್ಧ ಗಂಟೆಯೊಳಗೆ ಅವಸರ ಬಂದರೆ ಆಗಲೇ ಹೋಗಿ. ಅವಸರ ಇಲ್ಲದೆ ಗಡಿಯಾರ ನೋಡಿಕೊಂಡು ಹೋಗಿ ಕೂತರೆ ತಿಣುಕದೆ ಬೇರೆ ದಾರಿ ಇರುವುದಿಲ್ಲ.

ಎರಡನೆಯದು, ಕೂರುವ ರೀತಿ. ಕುಕ್ಕರಗಾಲಲ್ಲಿ ಕೂತಾಗ ಮಲದ ದಾರಿ ನೇರವಾಗುತ್ತದೆ. ಕಮೋಡ್ ಮೇಲೆ ಕುರ್ಚಿಯಲ್ಲಿ ಕೂತ ಹಾಗೆ ಕೂತರೆ ಅದು ಬಾಗಿಯೇ ಇರುತ್ತದೆ. ಮಂಡಿನೋವಿನವರಿಗೆ ಕಮೋಡ್ ಬೇಕೇ ಬೇಕು, ಬೇಡ ಅನ್ನುವುದಿಲ್ಲ. ಏಳೆಂಟು ಇಂಚು ಎತ್ತರದ, ಜಾರದ ಕಾಲುಮಣೆಯನ್ನು ಪಾದದ ಕೆಳಗಿಡಿ. ಮಂಡಿ ಸೊಂಟಕ್ಕಿಂತ ಮೇಲೆ ಬರಲಿ. ಸ್ವಲ್ಪ ಮುಂದೆ ಬಾಗಿ ಮೊಣಕೈಯನ್ನು ತೊಡೆಯ ಮೇಲೆ ಊರಿ.

ಮೂರನೆಯದು ಉಸಿರು. ಬಾಯಿ ತೆರೆದಿರಲಿ. ಹೊಟ್ಟೆಯನ್ನು ಮುಂದಕ್ಕೆ ಉಬ್ಬಿಸಿ, 'ಹಾ' ಅಂತಲೋ 'ಸ್ಸ್' ಅಂತಲೋ ಸಣ್ಣಗೆ ಸದ್ದು ಮಾಡುತ್ತಾ ಉಸಿರು ಬಿಡುತ್ತಾ ಹಗುರವಾಗಿ ಒತ್ತಿ. ಸದ್ದು ನಿಂತಿತು ಅಂದರೆ ಉಸಿರು ಕಟ್ಟಿದ್ದೀರಿ ಅಂತ ಅರ್ಥ. ದೊಡ್ಡಪ್ಪನಿಗೆ ಇದನ್ನು ಹೇಳಿಕೊಡುವಾಗ ನಾಚಿಕೊಂಡರು. ಈಗ ಒಳಗಿಂದ 'ಹಾ' ಕೇಳಿದರೆ ದೊಡ್ಡಮ್ಮನಿಗೆ ಸಮಾಧಾನ.

ಐದು-ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ, ಮತ್ತೆ ಹೋದರಾಯಿತು. ಮೊಬೈಲ್ ಒಳಗೆ ಒಯ್ಯಬೇಡಿ, ಕೂತಷ್ಟು ಹೊತ್ತೂ ಮೂಲವ್ಯಾಧಿಗೆ ದಾರಿ. ಆದ ಮೇಲೆ ತಕ್ಷಣ ಎದ್ದು ನಿಲ್ಲಬೇಡಿ. ನಾಲ್ಕು ಉಸಿರು ಕೂತೇ ಇರಿ, ಪಾದ ಆಡಿಸಿ, ಏನನ್ನಾದರೂ ಹಿಡಿದುಕೊಂಡು ಏಳಿ. ಗೋಡೆಗೆ ಒಂದು ಹಿಡಿಕೆ ಹಾಕಿಸುವುದಕ್ಕೆ ಆಗುವ ಖರ್ಚು ಏನೂ ಅಲ್ಲ. ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದಾಗಿರಲಿ. ನಮ್ಮ ದೊಡ್ಡಪ್ಪ ಬಿದ್ದಾಗ ಒಳಗಿನ ಚಿಲಕ ಮುರಿಯುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ದೊಡ್ಡಮ್ಮ ಬಾಗಿಲಿಗೆ ಅಂಟಿಕೊಂಡು ನಿಂತಿದ್ದರು. ಅದನ್ನು ನೆನೆದರೆ ಈಗಲೂ ಕೈಕಾಲು ತಣ್ಣಗಾಗುತ್ತದೆ.

ಮಲ ಮೆತ್ತಗಿದ್ದರೆ ತಿಣುಕುವ ಮಾತೇ ಬರುವುದಿಲ್ಲ. ಸೊಪ್ಪಿನ ಸಾರು, ಮೊಳಕೆ ಕಾಳು, ರಾಗಿ, ಪಪ್ಪಾಯ ದಿನದ ಊಟದಲ್ಲಿರಲಿ. ಇಸಬ್ಗೋಲ್ ತಗೊಂಡರೆ ದೊಡ್ಡ ಲೋಟ ತುಂಬ ನೀರಿನ ಜೊತೆ ತಗೊಳ್ಳಿ, ನೀರಿಲ್ಲದಿದ್ದರೆ ಅದೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರು ಅಳತೆ ಮಾಡಿ ಕುಡಿಯಲು ಹೇಳಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಕಬ್ಬಿಣದ ಮಾತ್ರೆ, ಟ್ರಮಡಾಲ್‌ನಂಥ ನೋವಿನ ಮಾತ್ರೆ, ವೆರಪಮಿಲ್ ಅನ್ನುವ ಬಿಪಿ ಮಾತ್ರೆ ಮಲ ಗಟ್ಟಿ ಮಾಡುತ್ತವೆ. ನೀವಾಗಿ ನಿಲ್ಲಿಸಬೇಡಿ. 'ಇದು ಶುರುವಾದ ಮೇಲೆ ಮೋಶನ್ ಕಷ್ಟ' ಅಂತ ಬಾಯಿಬಿಟ್ಟು ಹೇಳಿದರೆ ಡಾಕ್ಟರು ಮಾತ್ರೆ ಬದಲಿಸುತ್ತಾರೆ, ಇಲ್ಲವೇ ಮಲ ಮೆತ್ತಗಾಗಲು ಔಷಧಿ ಕೊಡುತ್ತಾರೆ. ಹಾರ್ಟ್ ಅಟ್ಯಾಕ್ ಆದವರಿಗೆ ಆಸ್ಪತ್ರೆಯಲ್ಲಿ ಆ ಸಿರಪ್ ಕೊಡುವುದು ಇದೇ ಕಾರಣಕ್ಕೆ.

ಭಾರ ಎತ್ತುವಾಗ

ಪಕ್ಕದ ಮನೆಯ ಅಜ್ಜಿ ಒಂದು ದಿನ ತುಂಬಿದ ಸಿಲಿಂಡರ್ ಎತ್ತಿ ಅಡುಗೆಮನೆಯ ಹೊಸ್ತಿಲು ದಾಟಿಸುತ್ತಿದ್ದರು. ತುಟಿ ಬಿಗಿ, ಕಣ್ಣು ಬಿಗಿ, ಮುಖ ಕೆಂಪು. "ಅಜ್ಜಿ, ಉಸಿರು ಬಿಡಿ" ಅಂತ ಓಡಿದೆ. "ಉಸಿರು ಬಿಟ್ರೆ ಬಲ ಹೋಗಲ್ವೇನೇ?" ಅಂದರು.

ಅಜ್ಜಿಯ ಮಾತಿನಲ್ಲಿ ಸುಳ್ಳಿಲ್ಲ. ಉಸಿರು ಕಟ್ಟಿದರೆ ನಡು ಕಂಬದ ಹಾಗೆ ಗಟ್ಟಿಯಾಗುತ್ತದೆ. ಊರ ಹಬ್ಬದಲ್ಲಿ ಸಂಗ್ರಾಣಿ ಕಲ್ಲು ಎತ್ತುವವರು, ಸ್ಪರ್ಧೆಗೆ ಇಳಿಯುವ ವೇಟ್‌ಲಿಫ್ಟರ್‌ಗಳು ಬೇಕೆಂದೇ ಹಾಗೆ ಮಾಡುತ್ತಾರೆ. ಅದಕ್ಕೆ ಅವರ ದೇಹ ಕೊಡುವ ಬೆಲೆ ನೋಡಿ. 1985ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಐದು ಜನ ದೇಹದಾರ್ಢ್ಯ ಪಟುಗಳ ತೋಳಿನ ರಕ್ತನಾಳದೊಳಗೇ ನಳಿಕೆ ಇಟ್ಟು ಬಿಪಿ ಅಳೆದರು. ಎರಡೂ ಕಾಲಿಂದ ಭಾರ ತಳ್ಳುವಾಗ ಸರಾಸರಿ 320/250. ಒಬ್ಬನದು 480/350 ದಾಟಿತ್ತು. ಅವರು ಗಟ್ಟಿ ಯುವಕರು. 68 ವರ್ಷದ ಅಜ್ಜಿಗೆ ಆ ಬಲದ ಅಗತ್ಯವೂ ಇಲ್ಲ, ಅಂಥ ಬಿಪಿಯನ್ನು ತಡೆಯುವ ರಕ್ತನಾಳಗಳೂ ಇಲ್ಲ.

ನಮ್ಮ ಹಳಬರಿಗೆ ಉಸಿರು ಬಿಟ್ಟುಕೊಂಡು ಕೆಲಸ ಮಾಡುವ ರೂಢಿ ಇತ್ತು. ಮಂಡಿಯಲ್ಲಿ ಹಮಾಲರು ಮೂಟೆ ಎತ್ತುವಾಗ 'ಹೈಸಾ' ಅನ್ನುವುದನ್ನು ಕೇಳಿದ್ದೀರಲ್ಲ? ಬಲ ಬೀಳುವ ಗಳಿಗೆಗೆ ಸರಿಯಾಗಿ ಉಸಿರು ಹೊರಗೆ ಬಂದಿರುತ್ತದೆ. ಕಲ್ಲಿಗೆ ಬಟ್ಟೆ ಒಗೆಯುವವರ 'ಹುಸ್', ಒನಕೆ ಹಾಕುವವರ ಸುವ್ವಿ ಪದ ಎಲ್ಲವೂ ಹಾಗೆಯೇ. ಹಾಡುತ್ತಾ ಉಸಿರು ಕಟ್ಟಲು ಯಾರಿಂದಲೂ ಆಗುವುದಿಲ್ಲ.

ತುಂಬಿದ ಮನೆ ಸಿಲಿಂಡರ್‌ನಲ್ಲಿ 14.2 ಕಿಲೋ ಗ್ಯಾಸ್, ಕಬ್ಬಿಣವೂ ಸೇರಿ ಹತ್ತಿರ ಹತ್ತಿರ 30 ಕಿಲೋ. ಅದನ್ನಾಗಲಿ, 20 ಲೀಟರಿನ ನೀರಿನ ಕ್ಯಾನನ್ನಾಗಲಿ, ಅಕ್ಕಿ ಮೂಟೆಯನ್ನಾಗಲಿ ಜಾಗ ಬದಲಿಸುವಾಗ ಹೀಗೆ ಮಾಡಿ:

1. ಎತ್ತದೆ ಆಗುತ್ತದಾ ನೋಡಿ. ಸಿಲಿಂಡರನ್ನು ಓರೆ ಮಾಡಿ ಬುಡದ ಅಂಚಿನ ಮೇಲೆ ಉರುಳಿಸಬಹುದು. ನೀರನ್ನು ಬಿಂದಿಗೆಯಲ್ಲಿ ಎರಡು ಸಲ ತುಂಬಬಹುದು.
2. ಎತ್ತಲೇಬೇಕಾದರೆ ಭಾರಕ್ಕೆ ಹತ್ತಿರ ನಿಲ್ಲಿ, ಪಾದ ಅಗಲಿಸಿ, ಮಂಡಿ ಬಾಗಿಸಿ. ಎತ್ತುವ ಮೊದಲೇ ಉಸಿರು ಎಳೆದುಕೊಳ್ಳಿ.
3. ಎತ್ತುವಾಗ ಬಾಯಿಬಿಟ್ಟು 'ಒಂ...ದು' ಅನ್ನಿ. ಮನಸ್ಸಿನಲ್ಲಲ್ಲ, ಕೇಳುವ ಹಾಗೆ.
4. ಒಯ್ಯುವಾಗ ಮಾತಾಡುತ್ತಿರಿ. ಮಾತು ಬಾರದಷ್ಟು ಭಾರ ಅನ್ನಿಸಿದರೆ ಅದು ನಿಮ್ಮೊಬ್ಬರ ಕೆಲಸವಲ್ಲ, ಇನ್ನೊಬ್ಬರನ್ನು ಕರೆಯಿರಿ.
5. ಇಳಿಸುವಾಗಲೂ ಉಸಿರು ಬಿಡುತ್ತಲೇ ಇಳಿಸಿ. ಹೆಚ್ಚಿನವರು ಮರೆಯುವುದು ಇಲ್ಲೇ.

ಜಿಮ್‌ಗೆ ಹೋಗುವವರಿಗೂ ಲೆಕ್ಕ ಇದೇ. ತಳ್ಳುವಾಗ, ಎತ್ತುವಾಗ ಉಸಿರು ಹೊರಗೆ, ವಾಪಸ್ ತರುವಾಗ ಒಳಗೆ. ಬಿಪಿ ಇರುವವರು ಹಗುರ ತೂಕದಲ್ಲಿ ಜಾಸ್ತಿ ಸಲ ಮಾಡಿ, ಕೈ ನಡುಗುವ ತನಕ ಹೋಗಬೇಡಿ. ಪ್ಲ್ಯಾಂಕ್, ಗೋಡೆಗೆ ಒರಗಿ ಕೂರುವ ವ್ಯಾಯಾಮದಲ್ಲಿ ಗೊತ್ತಿಲ್ಲದೇ ಉಸಿರು ನಿಂತಿರುತ್ತದೆ, ಜೋರಾಗಿ ಎಣಿಸುವುದೊಂದೇ ಮದ್ದು. ಯೋಗದಲ್ಲಿ ನೌಕಾಸನವೂ ಹಾಗೆಯೇ. ಬಿಪಿ ಹತೋಟಿಯಲ್ಲಿ ಇಲ್ಲದವರು ಕುಂಭಕ, ಭಸ್ತ್ರಿಕಾ, ಕಪಾಲಭಾತಿ ಬಿಟ್ಟು ನಿಧಾನ ಉಸಿರಾಟವನ್ನಷ್ಟೇ ಮಾಡಿ.

ಕೆಮ್ಮು, ರಾತ್ರಿಯ ಮೂತ್ರ, ಕಣ್ಣು

ಜೋರು ಕೆಮ್ಮು ಅಂದರೆ ಒಂದರ ಹಿಂದೆ ಒಂದು ತಿಣುಕಿದ ಹಾಗೆ. ಕೆಮ್ಮಿ ಕೆಮ್ಮಿ ಎಚ್ಚರ ತಪ್ಪುವವರೂ ಇದ್ದಾರೆ, ಹಾಗಾಗಿ ಕೆಮ್ಮು ಹತ್ತಿಕೊಂಡಾಗ ನಿಂತಿರಬೇಡಿ, ಗಾಡಿ ಓಡಿಸುತ್ತಿದ್ದರೆ ಪಕ್ಕಕ್ಕೆ ಹಾಕಿ. ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಬಿಪಿ ಮಾತ್ರೆಗಳಿಂದ ಕೆಲವರಿಗೆ ಬಿಡದ ಒಣಕೆಮ್ಮು ಬರುತ್ತದೆ. ತಿಂಗಳುಗಟ್ಟಲೆ ಕೆಮ್ಮಿನ ಔಷಧಿ ಕುಡಿಯುವ ಬದಲು ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆಗಳಿವೆ.

ಪ್ರಾಸ್ಟೇಟ್ ಊದಿಕೊಂಡ ಗಂಡಸರು ರಾತ್ರಿ ಎದ್ದು ನಿಂತು, ಮೂತ್ರಕ್ಕಾಗಿ ಒತ್ತುವಾಗ ಬೀಳುತ್ತಾರೆ. ಅದಕ್ಕೆ ಕೊಡುವ ಟ್ಯಾಮ್ಸುಲೋಸಿನ್‌ನಂಥ ಮಾತ್ರೆಯಿಂದ ಎದ್ದು ನಿಂತಾಗ ಬಿಪಿ ಇನ್ನಷ್ಟು ಇಳಿಯಬಹುದು. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಿ, ಕೂತೇ ಮೂತ್ರ ಮಾಡಿ. ನಮ್ಮ ಗಂಡಸರು ಇದನ್ನು ಒಪ್ಪುವುದು ಕಷ್ಟ, ಮನೆಯವರು ಮತ್ತೆ ಮತ್ತೆ ಹೇಳಬೇಕು.

ಕಣ್ಣಿನ ಪೊರೆ ಆಪರೇಷನ್ ಆದವರು ಡಾಕ್ಟರು ಹೇಳಿದಷ್ಟು ವಾರ ಭಾರ ಎತ್ತಬಾರದು, ತಿಣುಕಬಾರದು. ಜೋರಾಗಿ ವಾಂತಿಯಾದ ಮೇಲೆ, ಭಾರ ಎತ್ತಿದ ಮೇಲೆ ಒಂದು ಕಣ್ಣಿಗೆ ಕಪ್ಪು ಚುಕ್ಕೆಯೋ ಪರದೆಯೋ ಅಡ್ಡ ಬಂದರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಒಳಗೆ ಸಣ್ಣ ರಕ್ತನಾಳ ಒಡೆದಿರಬಹುದು.

ಬಿಪಿ ನೋಡಿಕೊಳ್ಳುವಾಗ

ಪಟ್ಟಿ ಬಿಗಿಯಾಗುವಾಗ ತುಂಬಾ ಜನ ಉಸಿರು ಹಿಡಿಯುತ್ತಾರೆ. ಹಿಡಿಯಬೇಡಿ, ಮಾತೂ ಬೇಡ. ಟಾಯ್ಲೆಟ್‌ಗೆ ಹೋಗಿ ಬಂದು, ಐದು ನಿಮಿಷ ಒರಗಿ ಕೂತು, ತೋಳು ಎದೆಯ ಮಟ್ಟಕ್ಕಿಟ್ಟು ನೋಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ವ್ಯಾಯಾಮ, ಕಾಫಿ ಆದ ಮೇಲೆ ಅರ್ಧ ಗಂಟೆ ಬಿಡಿ. ಮನೆಯಲ್ಲಿ ನೋಡಿದ ಸರಾಸರಿ 135/85ಕ್ಕಿಂತ ಜಾಸ್ತಿ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಇದೇ ತಿಣುಕು ಔಷಧಿಯಾಗುವುದೂ ಉಂಟು

ಸಕ್ಕರೆ ಕಾಯಿಲೆಯವರ ನರಗಳ ಸ್ಥಿತಿ ನೋಡಲು ಆಸ್ಪತ್ರೆಯಲ್ಲಿ ಒಂದು ನಳಿಕೆಗೆ 40ರ ಒತ್ತಡದಲ್ಲಿ (ಬಿಪಿ ಅಳೆಯುವ ಲೆಕ್ಕದಲ್ಲೇ) 15 ಸೆಕೆಂಡು ಊದಿಸಿ ಇಸಿಜಿ ತೆಗೆಯುತ್ತಾರೆ. ಊದುವಾಗ ಬಡಿತ ಎಷ್ಟು ಬೇಗ, ಬಿಟ್ಟ ಮೇಲೆ ಎಷ್ಟು ನಿಧಾನ ಅನ್ನುವುದರ ಲೆಕ್ಕ ಅದು. ನರ ಸೊರಗಿದ್ದರೆ ಎರಡಕ್ಕೂ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ.

ಎಸ್‌ವಿಟಿ ಅನ್ನುವ ತೊಂದರೆಯಲ್ಲಿ ಹೃದಯ ಇದ್ದಕ್ಕಿದ್ದ ಹಾಗೆ ಓಡತೊಡಗುತ್ತದೆ. ಉಸಿರು ಒತ್ತಿ ಬಿಟ್ಟ ಮೇಲೆ ಬಡಿತ ನಿಧಾನವಾಗುತ್ತದಲ್ಲ, ಅದನ್ನೇ ಬಳಸಿ ಓಟ ನಿಲ್ಲಿಸುತ್ತಾರೆ. 2015ರಲ್ಲಿ ಇಂಗ್ಲೆಂಡಿನ ಹತ್ತು ತುರ್ತು ಚಿಕಿತ್ಸಾ ವಿಭಾಗಗಳಲ್ಲಿ 428 ರೋಗಿಗಳ ಮೇಲೆ ನಡೆದ ಪರೀಕ್ಷೆ ಪ್ರಕಟವಾಯಿತು. ಕೂತು ಊದಿದರೆ 17% ಜನರಿಗೆ ಒಂದು ನಿಮಿಷದಲ್ಲಿ ಸರಿಹೋಯಿತು. ಊದಿದ ಕೂಡಲೇ ಮಲಗಿಸಿ ಕಾಲು ಮೇಲೆತ್ತಿದರೆ 43% ಜನರಿಗೆ. ಇದು ಡಾಕ್ಟರು ನಿಮ್ಮ ಇಸಿಜಿ ನೋಡಿ ಹೇಳಿಕೊಟ್ಟರೆ ಮಾತ್ರ ಮಾಡಬೇಕಾದದ್ದು. ಎದೆ ಡವಡವ ಅಂದಾಗಲೆಲ್ಲ ಮನೆಯಲ್ಲಿ ಪ್ರಯೋಗ ಮಾಡುವಂಥದ್ದಲ್ಲ.

ಯಾರಾದರೂ ಬಿದ್ದರೆ

ಎತ್ತಿ ಕೂರಿಸಬೇಡಿ. ನಮ್ಮ ಮನೆಯಲ್ಲೂ ಮೊದಲು ಮಾಡಿದ್ದು ಅದೇ ತಪ್ಪು. ಕೂರಿಸಿದರೆ ತಲೆಗೆ ರಕ್ತ ಇನ್ನೂ ಕಡಿಮೆಯಾಗುತ್ತದೆ. ಉಸಿರಾಡುತ್ತಿದ್ದಾರಾ ನೋಡಿ. ಉಸಿರಾಡುತ್ತಿದ್ದು, ತಲೆಗೋ ಕತ್ತಿಗೋ ಪೆಟ್ಟಿನ ಗುಮಾನಿ ಇಲ್ಲದಿದ್ದರೆ ನೆಲದ ಮೇಲೆ ಅಂಗಾತ ಮಲಗಿಸಿ, ಪಾದ ಒಂದಡಿ ಎತ್ತರಕ್ಕಿಡಿ, ಬಿಗಿ ಬಟ್ಟೆ ಸಡಿಲಿಸಿ. ಪೂರ್ತಿ ಎಚ್ಚರವಾಗುವ ತನಕ ನೀರು, ಕಾಫಿ ಏನನ್ನೂ ಬಾಯಿಗೆ ಹಾಕಬೇಡಿ. ಸಾಧಾರಣ ಬವಳಿಯಾದರೆ ಒಂದೆರಡು ನಿಮಿಷದಲ್ಲಿ ಕಣ್ಣು ಬಿಡುತ್ತಾರೆ. ಆದರೂ ಹತ್ತು ಹದಿನೈದು ನಿಮಿಷ ಮಲಗಿಯೇ ಇರಲಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಎಚ್ಚರ ಬಾರದಿದ್ದರೆ, ಎದೆನೋವು ಅಂದರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈಕಾಲಿನಲ್ಲಿ ಶಕ್ತಿ ಇಲ್ಲದಿದ್ದರೆ, 'ಇಂಥ ತಲೆನೋವು ಜನ್ಮದಲ್ಲೇ ಬಂದಿರಲಿಲ್ಲ' ಅಂದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ. ಉಸಿರೇ ಇಲ್ಲದಿದ್ದರೆ 108ಕ್ಕೆ ಹೇಳುತ್ತಲೇ ಎದೆ ಒತ್ತಲು ಶುರು ಮಾಡಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರ ತಲೆಗೆ ಪೆಟ್ಟು ಬಿದ್ದಿದ್ದರೆ, ಎದ್ದು ಓಡಾಡುತ್ತಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋಗುವಾಗ ಅವರು ತಗೊಳ್ಳುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ಬೀಳುವ ಮೊದಲು ಏನು ಮಾಡುತ್ತಿದ್ದರು ಅನ್ನುವುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ: 'ಟಾಯ್ಲೆಟ್‌ನಲ್ಲಿ ಉಸಿರು ಕಟ್ಟಿ ತಿಣುಕುತ್ತಿದ್ದರು' ಅಂತ.